ಪ್ರದಕ್ಷಿಣೆ ಹಾಕಿದ ಲೇತು

ತಕ್ಕಡಿ ತರಲು ಹೋದವನು ಲೇತು ತಂದ. ಮುನಿಕೃಷ್ಣಪ್ಪ ತನ್ನ ಪೆದ್ದುತನದ ಕಥೆಯನ್ನು ಯಾರಿಗೇ ಹೇಳಲಿ, ಶುರುಮಾಡುತ್ತಿದ್ದದ್ದು ಇಲ್ಲಿಂದಲೇ. ಬೇರೆಯವರು ಹೇಳಿ ನಗುವ ಮೊದಲು ತಾನೇ ಹೇಳಿ ನಕ್ಕುಬಿಟ್ಟರೆ ನೋವು ಅರ್ಧಕ್ಕೆ ಇಳಿಯುತ್ತದೆ ಎಂಬುದು ಸಿದ್ದಿಕಟ್ಟೆಯ ಸಂತೆಯಲ್ಲಿ ಇಪ್ಪತ್ತು ವರ್ಷ ತರಕಾರಿ ಮಾರಿ ಅವನು ಕಲಿತ ವಿದ್ಯೆ. ಕೊಳೆತ ಬದನೆಕಾಯಿಯನ್ನು ಗಿರಾಕಿ ಎತ್ತಿ ತೋರಿಸುವ ಮೊದಲು ನಾವೇ ಎತ್ತಿ ಪಕ್ಕಕ್ಕೆ ಎಸೆಯಬೇಕು. ಆಗ ಬುಟ್ಟಿಯಲ್ಲಿ ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತದೆ.

ಜರ್ಮನಿಯ ಯುದ್ಧ ಶುರುವಾದ ಮರುವರ್ಷದ ಆಷಾಢ. ಊರಾಚೆಯ ಒಂದು ಮಿಲ್ಲಿನವರು ಹಳೇ ಸಾಮಾನನ್ನು ಹರಾಜಿಗಿಟ್ಟಿದ್ದರು. ಮೂಟೆ ತೂಗುವ ದೊಡ್ಡ ತಕ್ಕಡಿಯೊಂದಿದೆಯೆಂದು ಕೇಳಿ ಮುನಿಕೃಷ್ಣಪ್ಪ ಹೋದ. ತಕ್ಕಡಿ ಇತ್ತು, ನಿಜ. ಆದರೆ ಅದರ ಪಕ್ಕದಲ್ಲಿ, ಮುರಿದ ಕಿಟಕಿಯ ಕೆಳಗೆ, ಮೈತುಂಬ ತುಕ್ಕು ಹೊದ್ದುಕೊಂಡು ಲೇತು ನಿಂತಿತ್ತು. ಮಂಚದಷ್ಟು ಉದ್ದ, ಸೊಂಟದೆತ್ತರ. ಕೆಳಗೊಂದು ದೊಡ್ಡ ಚಕ್ರ, ಅದನ್ನು ತಿರುಗಿಸಲು ಕಾಲಲ್ಲಿ ತುಳಿಯುವ ಹಲಗೆ. ಚಕ್ರದಿಂದ ಒಂದು ತೊಗಲಿನ ಪಟ್ಟಿ ಮೇಲಕ್ಕೆ ಹೋಗಿ ಯಂತ್ರದ ತಲೆಯನ್ನು ತಿರುಗಿಸಬೇಕು. ತಲೆಯ ಮೂತಿಗೆ ತಿರುಪಿನ ಹಾಗೆ ಸುತ್ತಿ ಬಿಗಿದ, ಮಿಲ್ಲಿನವರು ಚಕ್ಕು ಎನ್ನುತ್ತಿದ್ದ ಕಬ್ಬಿಣದ ಗುಂಡು ಸಲಾಕೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಸಲಾಕೆ ಗಿರಗಿರನೆ ತಿರುಗುವಾಗ ಪಕ್ಕದಲ್ಲಿ ಉಳಿಯನ್ನು ಬಿಗಿದು ಒತ್ತಿದರೆ ಕಬ್ಬಿಣ ಸಿಪ್ಪೆಸಿಪ್ಪೆಯಾಗಿ ಬಿಚ್ಚಿಕೊಂಡು ಬರುತ್ತದೆ.

ಮೀಸೆ ಚಿಗುರುವ ವಯಸ್ಸಿನಲ್ಲಿ ರೈಲ್ವೆಯವರ ಶೆಡ್ಡಿನಲ್ಲಿ ಅವನು ಅದನ್ನು ಒಮ್ಮೆ ನೋಡಿದ್ದ. ಕಬ್ಬಿಣವೂ ಸಿಪ್ಪೆ ಬಿಡುತ್ತದೆಂದು ಅವತ್ತೇ ಗೊತ್ತಾದದ್ದು. ಆಮೇಲೆ ಏನು, ಅಣ್ಣ ಅಣ್ಣಯ್ಯಪ್ಪ ಸಿದ್ದಾಪುರದ ತೋಟದಲ್ಲಿ ತರಕಾರಿ ಬೆಳೆದ, ಇವನು ಸಂತೆಯಲ್ಲಿ ಕೂತು ಮಾರಿದ. ಊರಿನವರು ತೋಟ ನೋಡಿದರೆ ಅಣ್ಣನ ಕೈ ಹೊಗಳುತ್ತಿದ್ದರು, ಊಟಕ್ಕೆ ಕೂತರೆ ಹೆಂಡತಿ ಪಿಳ್ಳಮ್ಮನ ಕೈ ಹೊಗಳುತ್ತಿದ್ದರು. ನಡುವೆ ತೂಗಿ ಕೊಟ್ಟವನ ಕೈಯನ್ನು ಯಾರು ಹೊಗಳುತ್ತಾರೆ? ಇಷ್ಟು ವಯಸ್ಸಾದರೂ ತಾನೇ ಮಾಡಿದ್ದು ಎಂದು ತೋರಿಸಲು ಒಂದು ಗೂಟವೂ ಇಲ್ಲವಲ್ಲ ಎಂಬ ಕೊರಗು ಅವನಿಗೆ ನಿಜಕ್ಕೂ ಇತ್ತು. ಹರಾಜಿನಲ್ಲಿ ಕೈ ಎತ್ತಿಸಿದ್ದು ಆ ಕೊರಗೇ.

ಎರಡು ಜೋಡಿ ಎತ್ತು, ಆರು ಆಳು ಸೇರಿ ಲೇತನ್ನು ಚಾಮರಾಜಪೇಟೆಯ ಮನೆಯ ಹಿತ್ತಿಲ ಕೊಟ್ಟಿಗೆಗೆ ತಂದು ಇಳಿಸಿದರು. ತಲೆಯ ಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಿ ಎಂದು ಮುನಿಕೃಷ್ಣಪ್ಪ ಅಪ್ಪಣೆ ಕೊಟ್ಟ. ಗೋಡೆಗೂ ಯಂತ್ರಕ್ಕೂ ನಡುವೆ ಬೆಕ್ಕು ನುಸುಳುವಷ್ಟೇ ಜಾಗ ಉಳಿಯಿತು.

ಪಿಳ್ಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ತಕ್ಕಡಿ ಎಲ್ಲಿ?"

"ಇದ್ರಲ್ಲೇ ಮಾಡ್ಕೋಬೋದು ಕಣೆ ಎಂಥ ತಕ್ಕಡಿ ಬೇಕಾದ್ರೂ."

ಅವಳು ಏನೂ ಅನ್ನಲಿಲ್ಲ. ಅವಳ ಸುಮ್ಮನಿರುವಿಕೆಯನ್ನು ಮುನಿಕೃಷ್ಣಪ್ಪ ಯಾವಾಗಲೂ ಒಪ್ಪಿಗೆ ಎಂದೇ ತಿಳಿಯುತ್ತಿದ್ದ. ಆ ತಪ್ಪಿಗೆ ಅವನು ತೆತ್ತದ್ದು ಮುಂದೆ ಬರುತ್ತದೆ.

ಮೂರು ತಿಂಗಳು ತುಕ್ಕಿನ ಸೇವೆ ನಡೆಯಿತು. ಸೀಮೆಎಣ್ಣೆಯಲ್ಲಿ ನೆನೆಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಅದೂ ಸಾಲದೆಂದು ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ. ಮೈ ಬೆಳ್ಳಗಾಯಿತು. ಇಟ್ಟಿಗೆ ಪುಡಿ ಮಾತ್ರ ತಲೆಯೊಳಗೆ ಸೇರಿಕೊಂಡು, ಚಕ್ರ ತಿರುಗಿಸಿದರೆ ಒಳಗಿಂದ ಹುರಿಗಡಲೆ ಅಗಿಯುವ ಸದ್ದು ಬರತೊಡಗಿತು. ಇಡೀ ತಲೆಯನ್ನು ಬಿಚ್ಚಿ, ಒಂದೊಂದನ್ನೂ ಹಳೇ ಪಂಚೆಯಲ್ಲಿ ಒರೆಸಿ, ಹರಳೆಣ್ಣೆ ಸವರಿ ಮತ್ತೆ ಜೋಡಿಸಿದ. ಜೋಡಿಸಿದ ಮೇಲೆ ಎರಡು ತಿರುಪು ಮಿಕ್ಕವು. ಮಿಲ್ಲಿನವರು ಸುಮ್ಮನೆ ಜಾಸ್ತಿ ಹಾಕಿರಬೇಕು ಎಂದುಕೊಂಡು ಅವನ್ನು ದೇವರ ಗೂಡಿನಲ್ಲಿಟ್ಟ.

ಈ ಸೇವೆಗೆಲ್ಲ ಸಾಕ್ಷಿ ಪಕ್ಕದ ಮನೆಯ ಏಕಾಂತಯ್ಯನವರು. ಕಚೇರಿಯಲ್ಲಿ ಗುಮಾಸ್ತರಾಗಿದ್ದು ಪಿಂಚಣಿ ಪಡೆಯುತ್ತಿದ್ದ ಅವರಿಗೆ ಬೆಳಗಿನ ಪೂಜೆಯಾದ ಮೇಲೆ ಮಾಡಲು ಕೆಲಸವಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಮುಕ್ಕಾಲಿಯ ಮೇಲೆ ಕೂತು ನಶ್ಯ ಏರಿಸುತ್ತ ನೋಡುತ್ತಿದ್ದರು. ಚಕ್ರದ ಮೈಮೇಲಿನ ಬಾಣವನ್ನು ಮೊದಲು ಕಂಡವರೂ ಅವರೇ. ತುಕ್ಕಿನಡಿಯಿಂದ ಬಿಳೀ ಬಣ್ಣದ ಬಾಣವೊಂದು ಎದ್ದಿತ್ತು, ಚಕ್ರ ಯಾವ ಕಡೆಗೆ ತಿರುಗಬೇಕೆಂದು ತೋರಿಸುತ್ತ.

ಮುನಿಕೃಷ್ಣಪ್ಪ ಯಂತ್ರದ ಬಾಲದ ಕಡೆ ನಿಂತು, ತಲೆಯ ಕಡೆ ನೋಡುತ್ತ, ಬಾಣದ ಜೊತೆ ಬೆರಳು ಸುತ್ತಿಸಿದ. ಎಡಕ್ಕೆ ಸುತ್ತಿತು. ಅವನ ಮುಖ ಸಪ್ಪಗಾಯಿತು.

"ಸ್ವಾಮಿ, ಇದು ಅಪ್ರದಕ್ಷಿಣೆ."

"ಇರ್ಲಿ ಬಿಡ್ರಿ, ಮಾಡಿದೋರಿಗೆ ಗೊತ್ತಿರುತ್ತೆ," ಎಂದರು ಏಕಾಂತಯ್ಯ.

"ಸೀಮೆಯ ಬಿಳಿಯೋರಿಗೆ ಪ್ರದಕ್ಷಿಣೆ ಏನ್ ಗೊತ್ತು? ಸಾವಿನ ಮನೇಲಿ ಸುತ್ತೋ ಸುತ್ತು ಇದು. ಅದಕ್ಕೇ ಇರ್ಬೇಕು ಆ ಮಿಲ್ಲು ಹರಾಜಿಗೆ ಬಂದದ್ದು."

ಹೀಗೆ ಮಿಲ್ಲು ಮುಳುಗಿದ ಕಾರಣವನ್ನೂ ಕಂಡುಹಿಡಿದ ಮೇಲೆ ಅವನನ್ನು ಹಿಡಿಯುವವರು ಯಾರು? ಆ ಲೇತಿನಲ್ಲಿ ಮೊದಲು ಚಕ್ರವನ್ನು ಕೈಯಿಂದ ಯಾವ ಕಡೆಗೆ ತಳ್ಳುತ್ತೇವೋ ಆ ಕಡೆಗೇ ತುಳಿಯುತ್ತ ಹೋಗಬಹುದು. ಬಿಳೀ ಬಾಣವನ್ನು ಕೆರೆದು ತೆಗೆದು, ಎದುರು ದಿಕ್ಕಿಗೆ ಕೆಂಪು ಬಣ್ಣದಲ್ಲಿ ಹೊಸ ಬಾಣ ಬರೆದ. ತುದಿಯಲ್ಲಿ ಒಂದು ಸಣ್ಣ ಕಮಲವನ್ನೂ ಬರೆದ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ವಿಜಯದಶಮಿಯ ದಿನ ಒಳ್ಳೇ ಹೊತ್ತು ನೋಡಿ ಲೇತನ್ನು ಬಲಕ್ಕೆ ಸುತ್ತಿಸಿದ. ಬೀದಿಯವರೆಲ್ಲ ಬಂದು ನೋಡಿ, ಕೋಸಂಬರಿ ತಿಂದು, ಭೇಷ್ ಎಂದು ಹೋದರು.

ತಿರುಗಿತು. ಬಹಳ ಚೆನ್ನಾಗಿ ತಿರುಗಿತು. ಕಡೆಯಲಿಲ್ಲ ಅಷ್ಟೆ.

ಉಳಿಯನ್ನು ಎಷ್ಟು ಒತ್ತಿದರೂ ಸಲಾಕೆಯ ಮೈಯಿಂದ ಒಂದು ಚೂರು ಏಳಲಿಲ್ಲ. ಕಿರ್ರೆಂದು ಕಿರುಚಿ, ಬಿಸಿಯಾಗಿ, ಹೊಳಪಾಯಿತು. ಉಳಿ ಮೊಂಡು ಎಂದುಕೊಂಡು ಅಕ್ಕಿಪೇಟೆಯ ಕಮ್ಮಾರ ನಂಜಪ್ಪನ ಹತ್ತಿರ ಸಾಣೆ ಹಿಡಿಸಿ ತಂದ. ಮತ್ತೆ ಹಿಡಿಸಿದ. ಐದನೇ ಸಲ ನಂಜಪ್ಪ ಉಳಿಯ ಬಾಯನ್ನು ಉಗುರಿಗೆ ತಾಗಿಸಿ ನೋಡಿ, "ಇದ್ರಲ್ಲಿ ಗಡ್ಡ ಬೋಳಿಸ್ಬೋದು ಮುನಿಕೃಷ್ಣಪ್ಪ. ತೊಂದ್ರೆ ಉಳೀದಲ್ಲ. ನಾನೊಂದ್ಸಲ ಬಂದು ಮಿಷನ್ ನೋಡ್ಲಾ?" ಎಂದ.

"ಬೇಡಪ್ಪ, ನೀನ್ಯಾಕೆ ತೊಂದ್ರೆ ತಗೋತೀಯ," ಎಂದು ಮುನಿಕೃಷ್ಣಪ್ಪ ಎದ್ದುಬಂದ. ನಂಜಪ್ಪ ನೋಡಿ ಸರಿಮಾಡಿಬಿಟ್ಟರೆ ಅದು ನಂಜಪ್ಪ ಮಾಡಿದ್ದಾಗುತ್ತದೆ. ತನ್ನ ಕೈಯಿಂದಲೇ ಆಗಬೇಕು. ಕಾರ್ತಿಕ ಹೋಯಿತು, ಧನುರ್ಮಾಸ ಹೋಯಿತು. ಕೊಟ್ಟಿಗೆಯಲ್ಲಿ ಹೊಳೆಯುವ ಸಲಾಕೆಗಳು ಸಾಲಾಗಿ ನಿಂತವು, ಒಂದೂ ಸಣ್ಣಗಾಗಿರಲಿಲ್ಲ. ಏನು ಮಾಡುತ್ತಿದ್ದೀರಿ ಎಂದು ಕೇಳಿದವರಿಗೆ ಅವನು "ಪಾಲಿಶ್" ಎನ್ನುತ್ತಿದ್ದ.

ಅಷ್ಟರಲ್ಲಿ ಸಿದ್ದಾಪುರದ ತೋಟದ ಕಪಿಲೆ ಬಾವಿಯಲ್ಲಿ ರಾಟೆಯ ಅಚ್ಚು ಸೀಳು ಬಿಟ್ಟಿತು. ಎತ್ತು ಹಗ್ಗ ಎಳೆದಾಗ ನೀರಿನ ಚೀಲವನ್ನು ಮೇಲಕ್ಕೆ ತರುವ ರಾಟೆ ಅದು. ಅದು ನಿಂತರೆ ತೋಟಕ್ಕೆ ನೀರಿಲ್ಲ. ಅಣ್ಣಯ್ಯಪ್ಪ ನಂಜಪ್ಪನ ಹತ್ತಿರ ಹೊಸದು ಮಾಡಿಸಲು ಹೊರಟಾಗ, ಹಬ್ಬದೂಟಕ್ಕೆ ಸೇರಿದ ನೆಂಟರೆಲ್ಲರ ಎದುರು ಮುನಿಕೃಷ್ಣಪ್ಪ ಎದ್ದು ನಿಂತ.

"ಅಣ್ಣ, ಕಮ್ಮಾರ ಬಡಿದದ್ದು ಒರಟು, ರಾಟೇನ ತಿಂದ್ಹಾಕುತ್ತೆ. ನಾನು ಕಡೆದು ಕೊಡ್ತೀನಿ. ಬೆಣ್ಣೆ ಇದ್ದಂಗಿರುತ್ತೆ."

ಇಷ್ಟು ದಿನವಾದರೂ ಲೇತಿನಿಂದ ಒಂದು ಚೂರೂ ಎದ್ದಿಲ್ಲವೆಂದು ಹೇಳುವಾಗಲೇ ನೆನಪಾಯಿತು. ಆದರೆ ನೆಂಟರು ತಲೆದೂಗುತ್ತಿದ್ದರು. ತಲೆದೂಗುವ ನೆಂಟರ ಎದುರು ಮಾತು ಹಿಂತೆಗೆದುಕೊಳ್ಳುವ ಧೈರ್ಯ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಅಣ್ಣಯ್ಯಪ್ಪ ಸೀಳಿದ ಅಚ್ಚಿಗೆ ತಂತಿ ಸುತ್ತಿ, ಹದಿನೈದು ದಿನ ಕಾಯುತ್ತೇನೆ ಎಂದ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಅಣ್ಣಯ್ಯಪ್ಪ ಬೆವರೊರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದ. ಏಕಾಂತಯ್ಯ ಮುಕ್ಕಾಲಿಯ ಮೇಲೆ ಹಾಜರಿದ್ದರು. ಒಳಗೆ ಮುನಿಕೃಷ್ಣಪ್ಪ ಹಲಗೆ ತುಳಿಯುತ್ತ, ಹಲ್ಲು ಕಚ್ಚಿ ಉಳಿಯನ್ನು ಒತ್ತುತ್ತಿದ್ದ. ಅಣ್ಣನ ಹೆಜ್ಜೆ ಕೇಳಿ ಇನ್ನೂ ಜೋರಾಗಿ ಒತ್ತಿದ. ಚಕ್ಕು ಮೂತಿಯ ಮೇಲೆ ಒಂದು ಸುತ್ತು ಸಡಿಲವಾಯಿತು, ಇನ್ನೊಂದು ಸುತ್ತು, ಮತ್ತೊಂದು. ಯಾವ ಕಡೆಗೆ ತಿರುಗಿದರೆ ಬಿಗಿಯುತ್ತದೋ ಅದರ ಎದುರು ಕಡೆಗೆ ನಾಲ್ಕು ತಿಂಗಳು ತಿರುಗಿಸಿದರೆ ಇನ್ನೇನಾಗುತ್ತದೆ? ಸಲಾಕೆಯ ಸಮೇತ ಚಕ್ಕು ಕಳಚಿ ಧಡಾರೆಂದು ನೆಲಕ್ಕೆ ಬಿತ್ತು. ಸಲಾಕೆ ಅತ್ತ ಹಾರಿತು. ಚಕ್ಕು ಉರುಳುತ್ತ ಏಕಾಂತಯ್ಯನವರ ಮುಕ್ಕಾಲಿಯ ಪಕ್ಕದಲ್ಲೇ ಹಾದು, ಹೊಸಲು ಹಾರಿ, ಮೆಟ್ಟಿಲಿಳಿದು, ಸಂತೆಗೆಂದು ತುಂಬಿಟ್ಟಿದ್ದ ಸೋರೆಕಾಯಿಯ ಬುಟ್ಟಿಗೆ ನುಗ್ಗಿತು. ಎಂಟು ಸೋರೆಕಾಯಿ ಒಡೆದವು.

ಅಣ್ಣಯ್ಯಪ್ಪ ಬುಟ್ಟಿಯನ್ನು ನೋಡಿದ, ತಮ್ಮನನ್ನು ನೋಡಿದ. ಕೂಗಾಡಿದ್ದರೆ ಮುನಿಕೃಷ್ಣಪ್ಪನಿಗೆ ಹಾಯಾಗಿರುತ್ತಿತ್ತು. ಅಣ್ಣ ಮೆಲ್ಲಗೆ ಮಾತಾಡಿದ.

"ಅಚ್ಚು ಈವತ್ತು ಬೆಳಿಗ್ಗೆ ಪೂರ್ತಿ ಮುರೀತು ಮುನಿ. ಎತ್ತು ಬಿಚ್ಚಿ ಕಟ್ಟಿದೀನಿ. ಸೊಪ್ಪಿನ ಮಡಿಗೆ ಕೊಡದಲ್ಲಿ ಸೇದಿ ಹುಯ್ಯಿಸ್ತಿದೀನಿ. ನಂಜಪ್ಪ ಮಾಗಡಿಗೆ ಹೋಗವ್ನೆ, ನಾಳೆ ಬೆಳಿಗ್ಗೆ ಬರ್ತಾನೆ. ಅವನೇ ಅಚ್ಚು ಬಡೀತಾನೆ. ಹಂಗೇ ಈ ಕಬ್ಬಿಣಾನೂ ತನ್ನ ಕುಲುಮೆಗೆ ಸಾಗಿಸ್ಲಿ. ಸಾಕು ಕಣಪ್ಪ, ನಾಳೆಯಿಂದ ಹೊತ್ತಿಗೆ ಸರಿಯಾಗಿ ಸಂತೇಲಿ ಕೂತ್ಕೋ."

ಅಣ್ಣ ಹೋದ. ಏಕಾಂತಯ್ಯ ಕೂಡ ಎದ್ದು ಮುಕ್ಕಾಲಿ ಎತ್ತಿಟ್ಟರು. ಏನಾದರೂ ಸಮಾಧಾನ ಹೇಳಬೇಕೆಂದು ನಿಂತು, ಹೊಳೆಯದೆ, "ಕಾಲ್ಮೇಲೆ ಬೀಳ್ಲಿಲ್ಲವಲ್ಲ, ಅದೇ ಪುಣ್ಯ," ಎಂದು ಹೋದರು. ಮುನಿಕೃಷ್ಣಪ್ಪ ಲೇತಿಗೆ ಒರಗಿ ನಿಂತ. ತನ್ನ ಮೇಲೆ ತಾನೇ ಮಾಡಿಕೊಳ್ಳುವ ತಮಾಷೆಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ. ನಲವತ್ತು ದಾಟಿದ ಗಂಡಸು ಕೊಟ್ಟಿಗೆಯಲ್ಲಿ ನಿಂತು ಅತ್ತ ಎಂದರೆ ಯಾರಾದರೂ ನಕ್ಕಾರು, ಆದರೆ ಅತ್ತದ್ದು ನಿಜ.

"ಅಲ್ಲೇನ್ ಮಾಡ್ತಿದೀರಿ?" ಪಿಳ್ಳಮ್ಮ ಅಡಿಗೆಮನೆಯಿಂದ ಕೂಗಿದಳು. "ಒಡೆದ ಕಾಯಿ ಯಾರೂ ಕೊಳ್ಳಲ್ಲ, ಎಂಟನ್ನೂ ಈವತ್ತೇ ಬೇಯಿಸಿ ಬೀದಿಗೆಲ್ಲ ಹಂಚ್ಬೇಕು. ಬಂದು ಕೈ ಜೋಡ್ಸಿ. ಒಡೆದೋರು ನೀವೇ ತಾನೆ?"

ನ್ಯಾಯವಾದ ಮಾತು. ಅವಳು ಒಲೆ ಊದುತ್ತಿದ್ದಳು. ಮುನಿಕೃಷ್ಣಪ್ಪ ಈಳಿಗೆಮಣೆ ಎಳೆದುಕೊಂಡು ಕೂತ. ಗಾಡಿಗಟ್ಟಲೆ ತರಕಾರಿ ಮಾರಿದ್ದ ಮಹಾನುಭಾವ ಜನ್ಮದಲ್ಲಿ ಒಂದು ಕಾಯಿ ಹೆಚ್ಚಿದವನಲ್ಲ. ಮಣೆಯನ್ನು ಹಿಂದುಮುಂದಾಗಿ ಇಟ್ಟುಕೊಂಡಿದ್ದ. ಸೋರೆಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿ ಉಜ್ಜಿದ. ಸಿಪ್ಪೆ ಏಳಲಿಲ್ಲ. ಇನ್ನಷ್ಟು ಒತ್ತಿದ. ಕಾಯಿಯ ಮೈ ಹೊಳಪಾಯಿತು.

ಆ ಹೊಳಪನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಪಿಳ್ಳಮ್ಮ ತಿರುಗಿ ನೋಡಿ ನಕ್ಕುಬಿಟ್ಟಳು. "ಅಯ್ಯೋ ರಾಮ! ಅಲಗಿನ ಬೆನ್ನಿಗೆ ಉಜ್ಜಿದ್ರೆ ಸಿಪ್ಪೆ ಬರುತ್ತಾ? ಕಾಯಿ ಬಾಯಿಗೆ ಎದುರಾಗಿ ಬರ್ಬೇಕು." ಅವನ ಕೈಯಿಂದ ಕಾಯಿ ತೆಗೆದುಕೊಂಡು, ಮಣೆ ತಿರುಗಿಸಿಟ್ಟು, ಒಂದು ಕಾಲಲ್ಲಿ ಅದನ್ನು ಮೆಟ್ಟಿ, ಸೋರೆಕಾಯಿಯನ್ನು ಅಲಗಿನ ಬಾಯಿಗೆ ಎದುರಾಗಿ ಹೊರಳಿಸಿದಳು. ಹಸಿರು ಸಿಪ್ಪೆ ಉದ್ದಕ್ಕೆ ಬಿಚ್ಚಿಕೊಂಡು ಅವಳ ಮಡಿಲ ಮೇಲೆ ಇಳಿಯಿತು. ಅಲಗು ಅಲ್ಲಾಡಲಿಲ್ಲ. ಕಾಯಿ ಮಾತ್ರ ತಿರುಗಿತು.

ಮುನಿಕೃಷ್ಣಪ್ಪ ಬಾಯಿ ತೆರೆದುಕೊಂಡು ಕೂತ.

"ಪಿಳ್ಳಿ, ನನ್ನ ಲೇತಲ್ಲಿ ಸಲಾಕೆ..."

"ಉಳಿಯ ಬಾಯಿ ಮೇಲಕ್ಕಿದೆ. ಸಲಾಕೇನೂ ಕೆಳಗಿಂದ ಮೇಲಕ್ಕೇ ಹೋಗುತ್ತೆ, ಬೆನ್ನು ಸವರ್ಕೊಂಡು," ಎಂದಳು ಅವಳು, ಇನ್ನೊಂದು ಕಾಯಿ ಎತ್ತಿಕೊಳ್ಳುತ್ತ. "ವಿಜಯದಶಮಿ ದಿನಾನೇ ಅನ್ಕೊಂಡೆ."

"ಅವತ್ತೇ! ಮತ್ತೆ ಹೇಳ್ಬಾರ್ದಾಗಿತ್ತಾ?"

"ನೀವು ಪ್ರದಕ್ಷಿಣೆ ಅಂದ್ರಿ. ದೇವ್ರ ವಿಷ್ಯದಲ್ಲಿ ನಾನೇನ್ ಮಾತಾಡ್ಲಿ? ಆಮೇಲೆ ಪಾಲಿಶ್ ಅಂದ್ರಿ. ಹಂಗೇ ಇರ್ಬೇಕೇನೋ ಅಂತ ಸುಮ್ನಾದೆ. ನನ್ನ ಯಾರ್ ಕೇಳಿದ್ರು?"

ನಾಲ್ಕು ತಿಂಗಳು ಏಕಾಂತಯ್ಯನವರನ್ನು ಕೇಳಿದ್ದ, ಪಂಚಾಂಗವನ್ನು ಕೇಳಿದ್ದ, ಐದು ಸಲ ಸಾಣೆ ಹಿಡಿಸಿದ್ದ. ದಿನಕ್ಕೆರಡು ಹೊತ್ತು ಅಲಗಿನ ಮುಂದೆ ಕೂರುವವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ತರಕಾರಿಯಿಂದ ತಪ್ಪಿಸಿಕೊಳ್ಳಲು ಲೇತಿಗೆ ಹೋದವನಿಗೆ ಲೇತಿನ ಗುಟ್ಟು ಸೋರೆಕಾಯಿಯ ಹತ್ತಿರ ಸಿಕ್ಕಿತು. ಅವನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಒಲೆ ಆರುವವರೆಗೆ ನಕ್ಕರು.

ಊಟ ಮಾಡದೆ ಕೊಟ್ಟಿಗೆಗೆ ಓಡಿದ. ಚಕ್ಕನ್ನು ಮೂತಿಗೆ ಬಿಗಿದು, ಸಲಾಕೆ ಕಚ್ಚಿಸಿ, ಚಕ್ರವನ್ನು ತನ್ನ ಕೆಂಪು ಬಾಣಕ್ಕೆ ಎದುರಾಗಿ ತಳ್ಳಿದ. ತಳ್ಳುವಾಗ ಮನಸ್ಸಿನಲ್ಲೇ ಮನೆದೇವರು ದ್ರೌಪದಮ್ಮನ ಕ್ಷಮೆ ಕೇಳಿದ. ಉಳಿ ತಾಗಿತು. ಕಿರುಚಲಿಲ್ಲ. ಸರ್ ಎಂದು ಮೆಲ್ಲಗೆ ಸದ್ದಾಗಿ, ಕಬ್ಬಿಣದ ಮೈಯಿಂದ ಬೂದು ಬಣ್ಣದ ಎಳೆಯೊಂದು ಎದ್ದು, ಸುರುಳಿ ಸುತ್ತಿಕೊಂಡು ಅವನ ಮುಂಗೈ ಮೇಲೆ ಬಿತ್ತು. ಸುಟ್ಟಿತು. ಅವನು ಅದನ್ನು ಕೊಡವಲಿಲ್ಲ. ಇಪ್ಪತ್ತೈದು ವರ್ಷ ಕಾದಿದ್ದ ಸಿಪ್ಪೆ ಅದು.

ಆಮೇಲಿನ ಕೆಲಸ ಹುಡುಗಾಟವಾಗಿರಲಿಲ್ಲ. ಸೀಳಿದ ಅಚ್ಚಿನ ದಪ್ಪವನ್ನು ಮೊದಲೇ ತೋಟಕ್ಕೆ ಹೋಗಿ ಬಿದಿರ ಸೀಳಿನಲ್ಲಿ ಕಚ್ಚು ಕೊಯ್ದು ಅಳತೆ ಮಾಡಿಕೊಂಡಿದ್ದ. ಮಧ್ಯಾಹ್ನವಿಡೀ ತುಳಿದ. ಬಲಗಾಲು ಸೋತರೆ ಎಡಗಾಲು, ಎಡಗಾಲು ಸೋತರೆ ಬಲಗಾಲು. ಎರಡೂ ಸೋತಾಗ ಪಿಳ್ಳಮ್ಮ ಪಲ್ಯದ ಕೈ ತೊಳೆದುಕೊಂಡು ಬಂದು, ಸೀರೆ ಎತ್ತಿ ಕಟ್ಟಿ, ಹಲಗೆ ತುಳಿದಳು. ಅವಳ ತುಳಿತ ಅವನಿಗಿಂತ ಒಂದೇ ಸಮನಾಗಿತ್ತು. ಅದನ್ನೂ ಅವನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಬಿದಿರ ಕಚ್ಚು ಅಚ್ಚಿನ ಎರಡೂ ತುದಿಗೆ ಸರಿಯಾಗಿ ಕೂತಿತು.

ಮರುದಿನ ನಂಜಪ್ಪ ಮಾಗಡಿಯಿಂದ ಬರುವ ಮೊದಲೇ ಗಂಡಹೆಂಡಿರು ಸಿದ್ದಾಪುರದ ತೋಟದಲ್ಲಿದ್ದರು. ದಾರಿಯುದ್ದಕ್ಕೂ ಅಚ್ಚು ಪಿಳ್ಳಮ್ಮನ ಮಡಿಲಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅಣ್ಣ ಏನೆಂದಾನು, ತಾನೇನು ಹೇಳಬೇಕು ಎಂದು ಮುನಿಕೃಷ್ಣಪ್ಪ ಅಭ್ಯಾಸ ಮಾಡಿಕೊಳ್ಳುತ್ತ ಬಂದ. ನಾಚಿಕೆಯ ಮಾತೆಂದರೆ, ಆ ಅಭ್ಯಾಸದಲ್ಲಿ ಸೋರೆಕಾಯಿ ಇರಲಿಲ್ಲ, ಈಳಿಗೆಮಣೆಯೂ ಇರಲಿಲ್ಲ.

ಅಣ್ಣಯ್ಯಪ್ಪ ಅಚ್ಚನ್ನು ಹೆಬ್ಬೆರಳಲ್ಲಿ ಸವರಿ ನೋಡಿ ರಾಟೆಗೆ ಏರಿಸಿದ. ಎತ್ತುಗಳು ಇಳಿಜಾರಿನಲ್ಲಿ ನಡೆದವು. ಹಗ್ಗ ಬಿಗಿಯಿತು, ರಾಟೆ ತಿರುಗಿತು, ನೀರಿನ ಚೀಲ ಮೇಲೆ ಬಂದು ತೊಟ್ಟಿಗೆ ಸುರಿಯಿತು. ಒಂದು ಕಿರುಗುಟ್ಟುವ ಸದ್ದೂ ಇಲ್ಲ. ನೀರು ಕಾಲುವೆಯಲ್ಲಿ ಸೊಪ್ಪಿನ ಮಡಿಯ ಕಡೆ ಓಡಿತು.

ಅಣ್ಣ ತುಂಬ ಹೊತ್ತು ಕಿವಿಗೊಟ್ಟು ನಿಂತು, ಮುಖ ಸಿಂಡರಿಸಿದ. "ಏನೋ ಇದು, ಸದ್ದೇ ಬರಲ್ವಲ್ಲ! ಇಷ್ಟ್ ದಿನ ರಾಟೆ ಕಿರುಗುಟ್ಟಿದ್ರೆ ಆಳು ಎತ್ತು ಹೊಡೀತವ್ನೆ ಅಂತ ಮನೇಲಿ ಕೂತೇ ಗೊತ್ತಾಗ್ತಿತ್ತು. ಇನ್ಮೇಲೆ ನಾನೇ ಬಂದು ನೋಡ್ಬೇಕು." ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟ. "ಕೈ ಇದೆ ಕಣೋ ನಿನಗೆ, ಮುನಿ. ಆಚೆ ಬಾವಿಗೂ ಒಂದು ಮಾಡ್ಕೊಡು."

ಹುಟ್ಟಿದಾಗಿನಿಂದ ಕಾದ ಮಾತು. ಒಂದು ಗಳಿಗೆ ಮುನಿಕೃಷ್ಣಪ್ಪ ಅದನ್ನು ಇಡಿಯಾಗಿ ತನ್ನಲ್ಲೇ ಇಟ್ಟುಕೊಂಡ. ಪಿಳ್ಳಮ್ಮ ತೊಟ್ಟಿಯ ಪಕ್ಕ ಕೂತು ಕಾಲು ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ. ಈಗಲೂ ಅವಳು ಸುಮ್ಮನೇ ಇದ್ದಳು. ಅದನ್ನು ಒಪ್ಪಿಗೆ ಎಂದುಕೊಳ್ಳಲು ಇವತ್ತು ಅವನಿಂದ ಆಗಲಿಲ್ಲ.

"ಕೈ ಇರೋದು ಇವಳಿಗೆ ಅಣ್ಣ," ಎಂದು ಸೋರೆಕಾಯಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅಣ್ಣಯ್ಯಪ್ಪ ಬಾವಿಕಟ್ಟೆ ಹಿಡಿದುಕೊಂಡು ನಕ್ಕ. ಪಿಳ್ಳಮ್ಮ ಮಾತ್ರ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಎರಡು ಸಲ.

ಮುಂದಿನ ಆಯುಧಪೂಜೆಯ ಹೊತ್ತಿಗೆ ಕೆಂಪು ಬಾಣ ಅಳಿಸಿ ಬಿಳೀ ಬಾಣ ವಾಪಸು ಬಂದಿತ್ತು. ಆದರೂ ಮುನಿಕೃಷ್ಣಪ್ಪನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಆರತಿಯ ತಟ್ಟೆ ಹಿಡಿದು ಬಂದ ಹೆಂಡತಿಗೆ, ಏಕಾಂತಯ್ಯನವರ ಎದುರೇ, ಮೆಲ್ಲಗೆ ಹೇಳಿದ, "ಎಷ್ಟಾದ್ರೂ ಅಪ್ರದಕ್ಷಿಣೆ ಕಣೆ."

ಪಿಳ್ಳಮ್ಮ ಯಂತ್ರದ ತಲೆಗೂ ಗೋಡೆಗೂ ನಡುವಿನ ಸಂದಿಯನ್ನು ನೋಡಿದಳು. ಅಲ್ಲಿ ನುಸುಳಲಾಗದೆ, ಗೋಡೆಗೆ ಕೆನ್ನೆ ಒತ್ತಿ, ಕತ್ತು ಮಾತ್ರ ಚಾಚಿದಳು.

"ಚಕ್ರ ತಿರುಗ್ಸಿ ಈ ಕಡೆಯಿಂದ ನೋಡಿ. ಪ್ರದಕ್ಷಿಣೇನೇ."

ಅವನು ಚಕ್ರ ತಳ್ಳಿ ಬಿಟ್ಟು, ತಾನೂ ಕೆನ್ನೆ ಒತ್ತಿ ನೋಡಿದ. ಅದೇ ಚಕ್ರ, ಅದೇ ಬಾಣ, ಆ ಕಡೆಯಿಂದ ಬಲಕ್ಕೆ ಸುತ್ತುತ್ತಿತ್ತು. ಏಕಾಂತಯ್ಯನವರೂ ಎದ್ದುಬಂದು, ನಶ್ಯದ ಡಬ್ಬಿ ಕೈಯಲ್ಲೇ ಹಿಡಿದು ಕತ್ತು ಚಾಚಿ ನೋಡಿದರು.

ಹಬ್ಬ ಮುಗಿದ ಮೇಲೆ ಮುನಿಕೃಷ್ಣಪ್ಪ ಆರು ಆಳು ಕರೆಸಿ ಲೇತನ್ನು ಗೋಡೆಯಿಂದ ನಾಲ್ಕಡಿ ಈಚೆಗೆ ಎಳೆಸಿದ. ಅವತ್ತಿನಿಂದ ಅವನು ಕಡೆಯುವಾಗ ಪಿಳ್ಳಮ್ಮ ಆ ಜಾಗದಲ್ಲಿ ಈಳಿಗೆಮಣೆ ಹಾಕಿಕೊಂಡು ಸಂಜೆಯ ತರಕಾರಿ ಹೆಚ್ಚುತ್ತಿದ್ದಳು. ಏನಾದರೂ ಕಂಡರೆ ಆ ಕ್ಷಣವೇ ಹೇಳು, ದೇವರ ವಿಷಯವಾದರೂ ಸರಿ ಎಂದು ಅವನು ಅವಳಿಗೆ ಮೊದಲೇ ಹೇಳಿಟ್ಟಿದ್ದ.